ಲಾಗೋಸ್‌ನ ಹೆಣ್ಣುಮಕ್ಕಳಿಗೊಂದು ಪತ್ರಿಕೆ: ಹೆಸರಿಡುವುದರಿಂದ ಹಿಡಿದು ಮೊದಲ ಸಂಚಿಕೆ ಮಾರುವವರೆಗೆ

ಬೆಂಗಳೂರಿನ ಚಾಮರಾಜಪೇಟೆಯ ಒಂದು ಪ್ರೆಸ್‌ನಲ್ಲಿ ಕೆಲಸ ಕಲಿತವನು ನಾನು. ನೈಜೀರಿಯಾದ ಲಾಗೋಸ್‌ಗೆ ಹೋಗಿದ್ದು ಬಿಸ್ಕತ್ತು ಪೊಟ್ಟಣ, ಸೋಪಿನ ಡಬ್ಬಿ ಅಚ್ಚು ಮಾಡುವ ಕಂಪನಿಗೆ. ಅಲ್ಲಿಯ ಇಲುಪೇಜು ಬಡಾವಣೆಯಲ್ಲಿ ನನ್ನ ಮೇಲಿನ ಮನೆಯಲ್ಲಿದ್ದವರು ಬ್ಯಾಂಕಿನ ಕೆಲಸ ಬಿಟ್ಟು ಹೆಣ್ಣುಮಕ್ಕಳ ಪತ್ರಿಕೆ ತರಲು ಹೊರಟಿದ್ದರು. ಅಲ್ಲೂ ನಮ್ಮಲ್ಲಿಯ ಹಾಗೆ, ದೊಡ್ಡವರನ್ನು ಬರೀ ಹೆಸರು ಹಿಡಿದು ಕರೆಯುವಂತಿಲ್ಲ. ಹಾಗಾಗಿ ಅವರು ನನಗೆ ಆಂಟಿ, ನಾನು ಅವರಿಗೆ ‘ಓಗಾ ಪ್ರಿಂಟರ್’. ಓಗಾ ಅಂದರೆ ಯಜಮಾನ. ಪತ್ರಿಕೆಯಲ್ಲಿ ನನ್ನದೊಂದು ಪೈಸೆಯೂ ಇರಲಿಲ್ಲ, ಯಜಮಾನಿಕೆ ಮಾತ್ರ ಇತ್ತು.

ಮೊದಲ ನಾಲ್ಕು ಸಂಚಿಕೆಗಳಿಗೆ ಜೊತೆಗಿದ್ದು ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಆಫ್ರಿಕಾದ ಊರುಗಳಲ್ಲಿ ಪ್ರೆಸ್, ಪೇಪರ್, ಡಿಸೈನ್ ಕೆಲಸದಲ್ಲಿರುವ ನಮ್ಮವರ ಮನೆ ಬಾಗಿಲನ್ನೂ ಯಾರಾದರೂ ಒಬ್ಬ ಆಂಟಿ ತಟ್ಟಬಹುದು.

ಹಂತ 1: ಯಾವ ಊರಿನ ಹೆಣ್ಣು?

‘ಆಧುನಿಕ ಆಫ್ರಿಕನ್ ಮಹಿಳೆಗಾಗಿ’ ಅಂತ ಬರೆದುಕೊಂಡು ಶುರು ಮಾಡಿದರೆ ಅಲ್ಲೇ ಎಡವಟ್ಟು. ಆಫ್ರಿಕಾದಲ್ಲಿ 54 ದೇಶಗಳಿವೆ. ಸೆನೆಗಲ್‌ನ ಡಾಕಾರ್‌ನವಳು ಓದುವುದು ಫ್ರೆಂಚ್, ಮನೆಯಲ್ಲಿ ಮಾತು ವೊಲೋಫ್. ಕೀನ್ಯಾದ ನೈರೋಬಿಯವಳು 2007ರಿಂದ ಮೊಬೈಲ್‌ನ ಎಂ-ಪೆಸಾದಲ್ಲಿ ದುಡ್ಡು ಕಳಿಸುತ್ತಾ ಬಂದವಳು. ಇವರಿಬ್ಬರನ್ನೂ ಒಂದೇ ರಕ್ಷಾಪುಟ ಹಿಡಿದು ನಿಲ್ಲಿಸುವುದಿಲ್ಲ.

ಆಂಟಿ ಲಾಗೋಸ್ ಮಾತ್ರ ಸಾಕು ಅಂದರು. ಅದರಲ್ಲೂ ಒಂದು ಗೆರೆ ಎಳೆದರು. ಲಾಗೋಸ್ ಅಂದರೆ ದ್ವೀಪದ ಕಡೆ ಬೇರೆ, ಮೇನ್‌ಲ್ಯಾಂಡ್ ಬೇರೆ. ಇಕೊಯಿ, ವಿಕ್ಟೋರಿಯಾ ಐಲೆಂಡ್‌ನ ಬಾಡಿಗೆಯೇ ಬೇರೆ, ಸುರುಲೆರೆ, ಯಾಬಾದ ಬಾಡಿಗೆಯೇ ಬೇರೆ. ದಿನಾ ಬೆಳಿಗ್ಗೆ ಥರ್ಡ್ ಮೇನ್‌ಲ್ಯಾಂಡ್ ಸೇತುವೆ ದಾಟಿ ದ್ವೀಪಕ್ಕೆ ಕೆಲಸಕ್ಕೆ ಹೋಗಿ, ರಾತ್ರಿ ಗೋ-ಸ್ಲೋನಲ್ಲಿ ಸಿಕ್ಕಿಕೊಂಡು ವಾಪಸ್ ಬರುವವಳೇ ನಮ್ಮ ಓದುಗಾರ್ತಿ ಅಂತ ತೀರ್ಮಾನವಾಯಿತು. ಗೋ-ಸ್ಲೋ ಅಂದರೆ ಅಲ್ಲಿಯ ಸಿಲ್ಕ್ ಬೋರ್ಡ್ ಟ್ರಾಫಿಕ್. ಈ ಒಂದು ತೀರ್ಮಾನದಿಂದ ಮುಂದಿನ ಎಷ್ಟೋ ಪ್ರಶ್ನೆಗಳು ತಾವಾಗೇ ಬಗೆಹರಿದವು: ಬೆಲೆ ಎಷ್ಟಿರಬೇಕು, ಯಾವ ಅಂಗಡಿಯಲ್ಲಿ ಇಡಬೇಕು, ಅಕ್ಷರ ಎಷ್ಟು ದೊಡ್ಡದಿರಬೇಕು. ಅಲುಗಾಡುವ ಬಸ್ಸಿನಲ್ಲಿ ಎಂಟು ಪಾಯಿಂಟ್‌ನ ಸಣ್ಣ ಅಕ್ಷರ ಯಾರು ಓದುತ್ತಾರೆ?

ಹಂತ 2: ಹಳೇ ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಕೂತುಕೊಳ್ಳಿ

ನಾವೇ ಮೊದಲು ಅಂದುಕೊಳ್ಳುವುದು ಈ ದಂಧೆಯ ದೊಡ್ಡ ಕಾಯಿಲೆ. ಡಾಕಾರ್‌ನಲ್ಲಿ 1964ರಲ್ಲೇ ಆನೆಟ್ ಎಂಬಾಯ್ ದೆರ್ನೆವಿಲ್ ‘ಆವಾ’ ಅನ್ನುವ ಪತ್ರಿಕೆ ತಂದಿದ್ದರು. ಫ್ರೆಂಚ್ ಓದುವ ಹೆಂಗಸರಿಗೆ ‘ಅಮಿನಾ’ 1972ರಿಂದ ಬಂತು. ನೈಜೀರಿಯಾದಲ್ಲಿ ಬೆಟ್ಟಿ ಇರಾಬೋರ್ 2003ರಲ್ಲಿ ‘ಜೆನೆವೀವ್’ ಶುರು ಮಾಡಿದರು. 2006ರಲ್ಲಿ ಉಚೆ ಪೆಡ್ರೊ ಅವರ ‘ಬೆಲ್ಲಾನೈಜಾ’ ಅಂತರ್ಜಾಲದಲ್ಲೇ ಹುಟ್ಟಿತು. ಮದುವೆ ಫೋಟೊಗಳ ವಿಷಯದಲ್ಲಿ ಅದನ್ನು ಮೀರಿಸಲು ಹೋಗಬೇಡಿ, ಆಗುವುದಿಲ್ಲ.

ಮುಚ್ಚಿದ ಪತ್ರಿಕೆಗಳನ್ನೂ ನೋಡಿ. ದಕ್ಷಿಣ ಆಫ್ರಿಕಾದಲ್ಲಿ ‘ಟ್ರೂ ಲವ್’ ಸಂಪಾದಿಸಿ ಹೆಸರು ಮಾಡಿದ ಖಾನ್ಯಿ ಧ್ಲೋಮೊ 2007ರಲ್ಲಿ ‘ಡೆಸ್ಟಿನಿ’ ತಂದರು. ದುಡಿಯುವ, ವ್ಯಾಪಾರ ಮಾಡುವ ಕಪ್ಪು ಹೆಣ್ಣುಮಕ್ಕಳಿಗೆ ಅದು ಅಚ್ಚುಮೆಚ್ಚಾಗಿತ್ತು. 2019ರಲ್ಲಿ ಅವರ ಕಂಪನಿಯೇ ಬಾಗಿಲು ಹಾಕಿತು. 2020ರ ಮೇ ತಿಂಗಳಲ್ಲಿ ಕಾಸ್ಮೊಪಾಲಿಟನ್‌ನ ದಕ್ಷಿಣ ಆಫ್ರಿಕಾ ಆವೃತ್ತಿ ತರುತ್ತಿದ್ದ ಪ್ರಕಾಶನ ಸಂಸ್ಥೆಯೂ ಮುಚ್ಚಿತು. ಓದುಗರ ಪ್ರೀತಿ ಬೇರೆ, ಜಾಹೀರಾತಿನ ಗಲ್ಲಾ ಬೇರೆ. ಆಂಟಿ ಇದನ್ನು ನೋಡಿಯೇ ಮಾಸಿಕದ ಆಸೆ ಬಿಟ್ಟು ಮೂರು ತಿಂಗಳಿಗೊಮ್ಮೆ ತರೋಣ ಅಂದರು. ನಡುವಿನ ದಿನಗಳಿಗೆ ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಸಾಕು.

ಹಂತ 3: ಒಳಗೆ ಏನಿರಬೇಕು

ಆಂಟಿಯ ಮನೆಯ ಊಟದ ಮೇಜಿನ ಸುತ್ತ ಒಂದು ಭಾನುವಾರ ಏಳು ಜನ ಹೆಂಗಸರು ಕೂತರು. ಚರ್ಚ್‌ನಿಂದ ನೇರ ಬಂದಿದ್ದರು, ತಲೆ ಮೇಲಿನ ಗೆಲೆ ಇನ್ನೂ ಬಿಚ್ಚಿರಲಿಲ್ಲ. ಗೆಲೆ ಅಂದರೆ ಅಲ್ಲಿಯ ತಲೆವಸ್ತ್ರ, ಕಟ್ಟುವುದು ನಮ್ಮ ಮೈಸೂರು ಪೇಟದಷ್ಟೇ ಕಸುಬಿನ ಕೆಲಸ. ಆಂಟಿ ಕೇಳಿದ್ದು ಒಂದೇ ಪ್ರಶ್ನೆ: ಈ ವಾರ ನಿಮಗೆ ಯಾವುದಕ್ಕೆ ಸಿಟ್ಟು ಬಂತು?

ಅಲ್ಲಿ ಬಂದ ಉತ್ತರಗಳೇ ಮೊದಲ ಸಂಚಿಕೆಯ ಪರಿವಿಡಿಯಾಯಿತು. ಒಂಟಿ ಹುಡುಗಿ ಬಾಡಿಗೆ ಮನೆ ಕೇಳಲು ಹೋದರೆ ಮಾಲೀಕರು ಗಂಡ ಎಲ್ಲಿ ಅನ್ನುತ್ತಾರೆ. ಕೊಡಲು ಒಪ್ಪಿದರೂ ಇಡೀ ವರ್ಷದ ಬಾಡಿಗೆ, ಕೆಲವು ಕಡೆ ಎರಡು ವರ್ಷದ್ದು, ಮುಂಗಡವಾಗಿ ಕೇಳುತ್ತಾರೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಬಗ್ಗೆ ಗೊಣಗುವ ನನ್ನ ಬಾಯಿ ಅಲ್ಲಿ ಮುಚ್ಚಿತು. ಇನ್ನೊಬ್ಬರು ತಂದೆಯ ಆಸ್ತಿ ವಿಷಯ ತೆಗೆದರು. ಇಗ್ಬೊ ಸಂಪ್ರದಾಯದಲ್ಲಿ ಹೆಣ್ಣುಮಕ್ಕಳಿಗೆ ಪಾಲಿಲ್ಲ ಅನ್ನುವ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಎಂದು ನೈಜೀರಿಯಾದ ಸುಪ್ರೀಂ ಕೋರ್ಟ್ 2014ರಲ್ಲಿ, ಉಕೆಜೆ ಮೊಕದ್ದಮೆಯಲ್ಲಿ, ತೀರ್ಪು ಕೊಟ್ಟಿದೆ. ಮೇಜಿನ ಸುತ್ತ ಇದ್ದವರಲ್ಲಿ ಅರ್ಧ ಜನಕ್ಕೆ ಅದು ಗೊತ್ತೇ ಇರಲಿಲ್ಲ. ಗರ್ಭಕೋಶದ ಗಡ್ಡೆಯ (ಫೈಬ್ರಾಯ್ಡ್) ನೋವು, ದೇಶ ಬಿಟ್ಟು ಹೋಗುವ ‘ಜಾಪಾ’ ಹುಚ್ಚು, ಅಜೊ ಕಟ್ಟಿಸಿಕೊಂಡು ಓಡಿಹೋದ ಪರಿಚಯದವಳು, ಹೀಗೆ. ಅಜೊ ಅಂದರೆ ಬೇರೇನಲ್ಲ, ನಮ್ಮ ಚೀಟಿ.

ಫ್ಯಾಷನ್ ಬೇಡ ಅಂತಲ್ಲ. ಫ್ಯಾಷನ್ ಪುಟಕ್ಕೂ ಊರಿನ ವಾಸನೆ ಇರಲಿ. ಲಾಗೋಸ್‌ನಲ್ಲಿ ಶನಿವಾರ ಬಂತೆಂದರೆ ಓವಾಂಬೆ, ಅಂದರೆ ಭರ್ಜರಿ ಪಾರ್ಟಿ. ಅದಕ್ಕೆ ನೆಂಟರು, ಗೆಳತಿಯರೆಲ್ಲ ಒಂದೇ ಬಟ್ಟೆ ಕೊಂಡು ಹೊಲಿಸಿಕೊಳ್ಳುವುದು ಅಸೊ-ಎಬಿ. ಆ ಬಟ್ಟೆಯ ದುಡ್ಡು ಹೊಂದಿಸುವುದೇ ಒಂದು ವಹಾಲಾ, ಅಂದರೆ ತಾಪತ್ರಯ. ಹಾಗಾಗಿ ‘ಒಂದು ಅಸೊ-ಎಬಿ ಬಟ್ಟೆ, ಮೂರು ಹೊಲಿಗೆ’ ಅನ್ನುವ ಪುಟ ಪ್ರತಿ ಸಂಚಿಕೆಯಲ್ಲೂ ಬಂತು.

ನನಗೆ ಇಷ್ಟವಾದ ಎರಡು ವಿಷಯಗಳಿಗೆ ನಮ್ಮ ಕಡೆಯ ನಂಟೂ ಇತ್ತು. ಇಗ್ಬೊ ಹೆಂಗಸರು ಮದುವೆಗೆ ಉಡುವ ‘ಜಾರ್ಜ್’ ಬಟ್ಟೆ ಭಾರತದಿಂದ ಹೋದದ್ದು. ಆ ಹೆಸರು ಮದರಾಸಿನ ಸೇಂಟ್ ಜಾರ್ಜ್ ಕೋಟೆಯಿಂದ ಬಂತು ಅನ್ನುತ್ತಾರೆ. ಎರಡನೆಯದು ಕೂದಲು. ಲಾಗೋಸ್‌ನ ವಿಗ್ ಅಂಗಡಿಗಳಲ್ಲಿ ‘ಇಂಡಿಯನ್ ಹೇರ್’ ಅಂದರೆ ಮರ್ಯಾದೆ ಜಾಸ್ತಿ, ಬೆಲೆಯೂ ಜಾಸ್ತಿ. ತಿರುಪತಿಯ ಮುಡಿಯ ಕತೆ, ನಮ್ಮ ಕೊಪ್ಪಳದ ಭಾಗ್ಯನಗರದಲ್ಲಿ ಕೂದಲು ಬಿಡಿಸಿ ವಿಂಗಡಿಸುವವರ ಕತೆ ಹೇಳಿದಾಗ ಆಂಟಿ ಅರ್ಧ ಗಂಟೆ ಸುಮ್ನೆ ಕೇಳಿದರು. ಎರಡನೇ ಸಂಚಿಕೆಗೆ ಆರು ಪುಟದ ಲೇಖನವಾಯಿತು.

ಹಂತ 4: ಹೆಸರು, ನೋಂದಣಿ, ಕಾಗದಪತ್ರ

ಇದು ಬೇಸರದ ಕೆಲಸ, ಬೇಗ ಮುಗಿಸೋಣ. ಮೊದಲು ಕಾರ್ಪೊರೇಟ್ ಅಫೇರ್ಸ್ ಕಮಿಷನ್‌ನಲ್ಲಿ ಹೆಸರು ಖಾಲಿ ಇದೆಯಾ ನೋಡಿ, ಕಂಪನಿ ನೋಂದಾಯಿಸಿ. ಬ್ಯಾಂಕ್ ಖಾತೆ ಕಂಪನಿ ಹೆಸರಲ್ಲೇ ಇರಲಿ. ನ್ಯಾಷನಲ್ ಲೈಬ್ರರಿ ಆಫ್ ನೈಜೀರಿಯಾದಿಂದ ಎಂಟು ಅಂಕಿಯ ಐಎಸ್‌ಎಸ್‌ಎನ್, ಅಂದರೆ ಪತ್ರಿಕೆಯ ಗುರುತಿನ ಸಂಖ್ಯೆ ಪಡೆಯಿರಿ. ಸೂಪರ್‌ಮಾರ್ಕೆಟ್‌ಗೆ ಬೇಕಾಗುವ ಬಾರ್‌ಕೋಡ್ 977ರಿಂದ ಶುರುವಾಗುತ್ತದೆ, ಅದಕ್ಕೆ ಈ ಸಂಖ್ಯೆಯೇ ಆಧಾರ. ಅಚ್ಚಾದ ಮೇಲೆ ಅದೇ ಲೈಬ್ರರಿಗೆ ಮೂರು ಪ್ರತಿ ಕೊಡಬೇಕು, ಅದು ಕಾನೂನು.

ಜಾಹೀರಾತಿನ ವಿಷಯದಲ್ಲಿ ಮಾತ್ರ ಸ್ವಲ್ಪ ನಿಂತು ನೋಡಿ. ಅರ್ಕಾನ್ ಅನ್ನುವ ಜಾಹೀರಾತು ನಿಯಂತ್ರಣ ಮಂಡಳಿ ಇದೆ. ಜಾಹೀರಾತು ಅಚ್ಚಿಗೆ ಹೋಗುವ ಮೊದಲು ಅದರ ಒಪ್ಪಿಗೆ ಆಗಿರಬೇಕು. 2022ರ ಅಕ್ಟೋಬರ್‌ನಿಂದ ನೈಜೀರಿಯಾದ ಜಾಹೀರಾತುಗಳಲ್ಲಿ ವಿದೇಶಿ ಮಾಡೆಲ್‌ಗಳನ್ನು ಬಳಸುವಂತಿಲ್ಲ. ವಿದೇಶಿ ಬ್ರ್ಯಾಂಡ್ ತನ್ನ ಪ್ಯಾರಿಸ್ ಫೋಟೊ ಕಳಿಸಿ ಇದನ್ನೇ ಹಾಕಿ ಅಂದರೆ, ಆಗಲ್ಲ ಅನ್ನಿ. ಔಷಧಿ, ಸೌಂದರ್ಯ ಸಾಮಗ್ರಿ ಆದರೆ ಅವುಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ನಾಫ್‌ಡಾಕ್‌ನ ನೋಂದಣಿ ಸಂಖ್ಯೆ ಕೇಳಿ ತೆಗೆದುಕೊಳ್ಳಿ.

ಬಿಳಿ ಮಾಡುವ ಕ್ರೀಮ್ ಜಾಹೀರಾತು ಖಂಡಿತ ಬರುತ್ತದೆ, ಅದೂ ಹಿಂದಿನ ರಕ್ಷಾಪುಟಕ್ಕೆ, ಪೂರ್ತಿ ದುಡ್ಡು ಮುಂಗಡವಾಗಿ. ಆಂಟಿ ಬೇಡ ಅಂದರು. ‘ಒಳಗೆ ನಿನ್ನ ಬಣ್ಣ ಚೆಂದ ಅಂತ ಬರೆದು, ಹಿಂದೆ ತೊಳಕೋ ಅಂತ ಹೇಳಲಾ?’ ಅಂದರು. ಆ ಪುಟ ಮೊದಲ ಸಂಚಿಕೆಯಲ್ಲಿ ಅರ್ಧ ಬೆಲೆಗೆ ಹೋಯಿತು, ಒಂದು ಅಕ್ಕಿ ಕಂಪನಿಗೆ. ಈ ತೀರ್ಮಾನ ಮೊದಲೇ ಆಗಿರಲಿ. ಪ್ರೆಸ್‌ಗೆ ಕೊಡಲು ದುಡ್ಡಿಲ್ಲದ ದಿನ ತೀರ್ಮಾನ ಮಾಡಲು ಕೂತರೆ ಉತ್ತರ ಬೇರೆಯೇ ಬರುತ್ತದೆ.

ಹಂತ 5: ಪುಟದ ಲೆಕ್ಕ

ಒಳಪುಟ 96, ರಕ್ಷಾಪುಟ 4, ಒಟ್ಟು 100. ಯಾಕೆ 96? ದೊಡ್ಡ ಆಫ್‌ಸೆಟ್ ಯಂತ್ರದಲ್ಲಿ ಒಂದು ಹಾಳೆಗೆ 16 ಪುಟ ಕೂರುತ್ತದೆ, ಒಂದೊಂದು ಮೈಗೆ ಎಂಟು. ಆರು ಹಾಳೆಗೆ 96. ನಾಲ್ಕು ಬಣ್ಣ, ಎರಡು ಮೈ, ಅಂದರೆ ಹಾಳೆಗೆ ಎಂಟು ಪ್ಲೇಟ್ (ಅಚ್ಚಿನ ತಗಡು), ಒಟ್ಟು 48. ರಕ್ಷಾಪುಟದ್ದು ಬೇರೆ. ಈ ಪ್ಲೇಟ್‌ಗಳ ಖರ್ಚು 500 ಪ್ರತಿ ಹೊಡೆದರೂ ಅಷ್ಟೇ, 2,000 ಹೊಡೆದರೂ ಅಷ್ಟೇ. ಇನ್ನೊಂದು ಲೇಖನ ಚೆನ್ನಾಗಿದೆ ಅಂತ 98 ಪುಟ ಮಾಡಲು ಹೋದರೆ ಎರಡು ಪುಟಕ್ಕೆ ಮತ್ತೊಂದು ಹಾಳೆ ತೆರಬೇಕು. ಒಳ್ಳೆಯ ಸಂಪಾದಕಿ ಲೇಖನ ಕತ್ತರಿಸುತ್ತಾಳೆ. ಆಂಟಿ ಕತ್ತರಿಸಿದರು, ಲೇಖಕಿ ಎರಡು ತಿಂಗಳು ಮಾತು ಬಿಟ್ಟರು.

ಒಳಪುಟಕ್ಕೆ 115 ಜಿಎಸ್‌ಎಂ (ಚದರ ಮೀಟರ್‌ಗೆ ಇಷ್ಟು ಗ್ರಾಂ ಅನ್ನುವ ತೂಕ) ಆರ್ಟ್ ಪೇಪರ್, ಹೊರಗೆ 250 ಜಿಎಸ್‌ಎಂ, ಮೇಲೆ ಲ್ಯಾಮಿನೇಷನ್. ನೂರು ಪುಟಕ್ಕೆ ಪಿನ್ ಹೊಡೆದರೆ ಬಾಯಿ ಬಿಡುತ್ತದೆ, ಪರ್ಫೆಕ್ಟ್ ಬೈಂಡಿಂಗ್ ಮಾಡಿಸಿ, ಅಂದರೆ ಬೆನ್ನಿಗೆ ಅಂಟು ಹಾಕಿಸಿ. ಆಗ ನಡುವಿನ ಮಡಿಕೆಯಲ್ಲಿ ಒಂದಷ್ಟು ಜಾಗ ಅಂಟು ನುಂಗುತ್ತದೆ. ಎರಡು ಪುಟಕ್ಕೆ ಹರಡಿದ ಫೋಟೊದಲ್ಲಿ ಮುಖ ಆ ಮಡಿಕೆಗೆ ಬರದಂತೆ ನೋಡಿಕೊಳ್ಳಿ. ಸುತ್ತ ಮೂರು ಮಿಲಿಮೀಟರ್ ಬ್ಲೀಡ್ (ಕತ್ತರಿಸಿ ಹೋಗುವ ಅಂಚು), ಫೋಟೊ 300 ಡಿಪಿಐ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ಅಚ್ಚಿಗೆ ಬೇಡವೇ ಬೇಡ, ಎಷ್ಟು ಗೋಗರೆದರೂ.

ಹಂತ 6: ಮುಖದ ಬಣ್ಣ

ಇಷ್ಟೆಲ್ಲ ಸರಿ ಮಾಡಿ ನಾವು ಬಿದ್ದದ್ದು ಇಲ್ಲಿ. ಮೊದಲ ಸಂಚಿಕೆಯ ರಕ್ಷಾಪುಟದ ಹುಡುಗಿ ಗಾಢ ಕಂದು ಬಣ್ಣದವಳು, ಕಂಪ್ಯೂಟರ್ ಪರದೆ ಮೇಲೆ ಹೊಳೆಯುತ್ತಿದ್ದಳು. ಅಚ್ಚಾಗಿ ಬಂದಾಗ ಮುಖಕ್ಕೆ ಬೂದಿ ಬಳಿದ ಹಾಗಿತ್ತು. ಕೆನ್ನೆಯ ಕೆಳಗೆ ಹಸಿರು ಛಾಯೆ ಬೇರೆ. 2,000 ರಕ್ಷಾಪುಟ ಆಗಲೇ ಹೊಡೆದಾಗಿತ್ತು. ಪ್ರೆಸ್‌ನವರು ‘ಫೋಟೊನೇ ಹಾಗಿತ್ತು’ ಅಂದರು. ಅದನ್ನೇ ಕಟ್ಟಿ ಮಾರಿದೆವು. ಒಬ್ಬ ಓದುಗಾರ್ತಿಯ ಮೆಸೇಜ್ ಇನ್ನೂ ನೆನಪಿದೆ: ‘ಆಂಟಿ, ಆ ಹುಡುಗಿಗೆ ಹಚ್ಚೋಕೆ ಒಂದು ಚೂರು ಎಣ್ಣೆ ಇರಲಿಲ್ವಾ?’

ತಪ್ಪು ಪ್ರೆಸ್‌ನದು ಮಾತ್ರ ಅಲ್ಲ, ನನ್ನದೂ. ಬಿಸ್ಕತ್ತು ಪೊಟ್ಟಣದ ಕಣ್ಣಲ್ಲಿ ಮುಖ ನೋಡಿದ್ದೆ. ಇದರ ಹಿಂದೆ ಹಳೇ ಕತೆಯೂ ಇದೆ. ಕೋಡಾಕ್ ಕಾಲದಲ್ಲಿ ಫೋಟೊ ಬಣ್ಣ ಹೊಂದಿಸಲು ಲ್ಯಾಬ್‌ಗಳಿಗೆ ‘ಶರ್ಲಿ ಕಾರ್ಡ್’ ಅನ್ನುವ ಮಾದರಿ ಕೊಡುತ್ತಿದ್ದರು, ಅದರಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಹೆಂಗಸು. ಕಪ್ಪು ಮುಖಕ್ಕೆ ಬೆಳಕು ಹೇಗೆ ಹಿಡಿಯಬೇಕು, ಇಂಕ್ ಹೇಗೆ ಕೂರಿಸಬೇಕು ಅನ್ನುವುದನ್ನು ಯಾರೂ ನಮಗೆ ಕಲಿಸಿರಲಿಲ್ಲ. ಎರಡನೇ ಸಂಚಿಕೆಗೆ ಕಲಿತದ್ದು ಇದು:

ಸ್ಟುಡಿಯೊದಲ್ಲಿ ಬೆಳಕು ಜಾಸ್ತಿ ಮಾಡುವುದು ಪರಿಹಾರವಲ್ಲ, ಅದರಿಂದ ಬಣ್ಣ ತೊಳೆದುಹೋಗುತ್ತದೆ. ದೊಡ್ಡ, ಮೆತ್ತನೆಯ ಬೆಳಕನ್ನು ಪಕ್ಕದಿಂದ ಕೊಡಿ. ಕಪ್ಪು ಚರ್ಮದ ಚೆಂದ ಇರುವುದು ಅದರ ಮೇಲಿನ ಹೊಳಪಿನಲ್ಲಿ. ಶಿಯಾ ಬೆಣ್ಣೆ ತೆಳ್ಳಗೆ ಹಚ್ಚಿಸಿ, ಪೌಡರ್ ಬಳಿದು ಮುಚ್ಚಬೇಡಿ. ಕೂದಲ ಹಿಂದೆ ಒಂದು ಸಣ್ಣ ದೀಪ ಇರಲಿ, ಇಲ್ಲದಿದ್ದರೆ ಆರು ಗಂಟೆ ಕೂತು ಹೆಣೆಸಿಕೊಂಡ ಜಡೆಗಳೆಲ್ಲ ಒಂದೇ ಕಪ್ಪು ಮುದ್ದೆಯಾಗುತ್ತವೆ. ಮೇಕಪ್‌ಗೆ ಊರಿನವರನ್ನೇ ಕರೆಸಿ. ತಾರಾ ಫೆಲಾ-ಡುರೊಟೊಯೆ 1998ರಲ್ಲಿ ‘ಹೌಸ್ ಆಫ್ ತಾರಾ’ ಶುರು ಮಾಡಿದಾಗಿನಿಂದ ಅಲ್ಲಿ ಈ ಕಸುಬಿಗೆ ಒಳ್ಳೆಯ ಕೈಗಳು ತಯಾರಾಗಿವೆ.

ಇನ್ನು ಸಿಎಂವೈಕೆ, ಅಂದರೆ ಅಚ್ಚಿನ ನಾಲ್ಕು ಇಂಕು: ಸಯಾನ್ ಅನ್ನುವ ನೀಲಿ, ಮೆಜೆಂಟಾ ಅನ್ನುವ ಗುಲಾಬಿ, ಹಳದಿ, ಕಪ್ಪು. ಗಾಢ ಕಂದು ಮುಖದಲ್ಲಿ ಹಳದಿ ಎಲ್ಲಕ್ಕಿಂತ ಸ್ವಲ್ಪ ಮುಂದೆ, ಅದರ ಹಿಂದೆಯೇ ಮೆಜೆಂಟಾ, ಸಯಾನ್ ತುಂಬಾ ಹಿಂದೆ ಇರಬೇಕು. ನಮಗೆ ಹೊಂದಿದ್ದು ಶೇಕಡಾ ಲೆಕ್ಕದಲ್ಲಿ ಹೆಚ್ಚುಕಡಿಮೆ ಹಳದಿ 75, ಮೆಜೆಂಟಾ 68, ಸಯಾನ್ 42, ಕಪ್ಪು 30. ಸಯಾನ್ ಏರಿದರೆ ಬೂದಿ ಬಣ್ಣ ಖಚಿತ. ನೆರಳಿನಲ್ಲಿ ನಾಲ್ಕೂ ಇಂಕ್ ಸೇರಿ ಶೇಕಡಾ 300 ದಾಟದಂತೆ ನೋಡಿ. ದಾಟಿದರೆ ಒಣಗುವುದಿಲ್ಲ, ಎದುರು ಪುಟಕ್ಕೆ ಅಂಟುತ್ತದೆ. ಪ್ರೂಫ್ ತೆಗೆಸಿ ಸಹಿ ಹಾಕಿ, ಅದೇ ಪ್ರೂಫ್ ಹಿಡಿದುಕೊಂಡು ಯಂತ್ರದ ಪಕ್ಕ ನಿಲ್ಲಿ. ಟ್ಯೂಬ್‌ಲೈಟ್ ಕೆಳಗೆ ನೋಡಿ ಓಕೆ ಅನ್ನಬೇಡಿ, ಹಾಳೆಯನ್ನು ಬಾಗಿಲಾಚೆ ಹಗಲ ಬೆಳಕಿಗೆ ಒಯ್ದು ನೋಡಿ. ನಾನು ಇನ್ನೊಂದು ಮಾಡುತ್ತಿದ್ದೆ: ಅದೇ ಬಣ್ಣದ ಯಾರನ್ನಾದರೂ, ಒಮ್ಮೆ ಊಟ ತಂದ ಹುಡುಗಿಯನ್ನು, ಹಾಳೆ ಪಕ್ಕ ಕೈ ಇಡಲು ಕೇಳುವುದು. ಅದಕ್ಕಿಂತ ಒಳ್ಳೆಯ ಮಾಪಕ ನನಗೆ ಸಿಕ್ಕಿಲ್ಲ.

ಲಾಗೋಸ್‌ನ ಪ್ರಿಂಟಿಂಗ್ ಪೇಟೆ ಅಂದರೆ ಶೊಮೊಲು. ನಮ್ಮ ಬೆಂಗಳೂರಿನ ಸುಲ್ತಾನ್‌ಪೇಟೆಯನ್ನು ನಾಲ್ಕು ಪಟ್ಟು ಹಿಗ್ಗಿಸಿದ ಹಾಗೆ, ಬೀದಿ ತುಂಬ ಕಟಿಂಗ್ ಯಂತ್ರ, ಜನರೇಟರ್ ಸದ್ದು. ದರ ಕೇಳುವಾಗ ಡೀಸೆಲ್ ಖರ್ಚು ಸೇರಿದೆಯಾ ಕೇಳಿ. ಜೂನ್ ಸುಮಾರಿಗೆ ಮಳೆ ಜೋರು, ಕಾಗದ ತೇವ ಕುಡಿದು ಹಿಗ್ಗಿ ಬಣ್ಣದ ಮೇಲೆ ಬಣ್ಣ ಕೂರುವುದಿಲ್ಲ. ಕಾಗದದ ಪೊಟ್ಟಣ ಒಡೆಯುವುದು ಅಚ್ಚಿನ ದಿನವೇ ಇರಲಿ.

ಹಂತ 7: ದುಡ್ಡು

ಆರ್ಟ್ ಪೇಪರ್ ಹೊರದೇಶದ್ದು, ಅದರ ಬೆಲೆ ಡಾಲರ್ ಜೊತೆ ಕುಣಿಯುತ್ತದೆ. 2023ರ ಜೂನ್ ಆರಂಭದಲ್ಲಿ ಡಾಲರ್‌ಗೆ ಸುಮಾರು 460 ನೈರಾ ಇದ್ದದ್ದು 2024ರ ಆರಂಭದಲ್ಲಿ 1,500 ದಾಟಿತು. ವರ್ಷದ ಚಂದಾ ಮುಂಚೆಯೇ ತೆಗೆದುಕೊಂಡವರ ಗತಿ ಯೋಚಿಸಿ. ಹಾಗಾಗಿ ಚಂದಾ ಎರಡು ಸಂಚಿಕೆಗೆ ಸಾಕು. ಒಂದು ಸಂಚಿಕೆಯ ಚಂದಾ ದುಡ್ಡು ಬಂದ ಕೂಡಲೇ ಕಾಗದ ಕೊಂಡು ಇಡಿ, ನೈರಾ ಇಡಬೇಡಿ.

ಜಾಹೀರಾತು ಏಜೆನ್ಸಿಗಳು ದುಡ್ಡು ಕೊಡುವುದು ಅವರಿಗೆ ನೆನಪಾದಾಗ. ನಮಗೆ ಮೊದಲ ಸಂಚಿಕೆಯ ಹಣ ಮೂರನೆಯದು ಅಚ್ಚಾಗುವಾಗ ಬಂತು. ಏಜೆನ್ಸಿ ಮೂಲಕ ಬರುವ ದೊಡ್ಡ ಪುಟ ನಾಲ್ಕಕ್ಕಿಂತ ಜಾಸ್ತಿ ನೆಚ್ಚಿಕೊಳ್ಳಬೇಡಿ. ಉಳಿದದ್ದನ್ನು ನೇರ ದುಡ್ಡು ಕೊಡುವವರಿಗೆ ಮಾರಿ: ಟೈಲರ್‌ಗಳು, ವಿಗ್ ಅಂಗಡಿ, ಕೇಕ್ ಮಾಡುವವರು, ಶಾಲೆಗಳು. ಕಾಲು ಪುಟ, ಎಂಟನೇ ಒಂದು ಪುಟ. ಹೊಳಪು ಕಡಿಮೆ, ಆದರೆ ದುಡ್ಡು ಅವತ್ತೇ ಖಾತೆಗೆ ಬರುತ್ತದೆ. ಲಾಗೋಸ್‌ನಲ್ಲೇ 2015ರಲ್ಲಿ ಹುಟ್ಟಿದ ಪೇಸ್ಟ್ಯಾಕ್ ಅನ್ನುವ ಹಣ ಪಾವತಿ ಸೇವೆಯ ಲಿಂಕ್ ಕಳಿಸಿದರೆ ಸಾಕು.

ಸಂಚಿಕೆಗಳ ಸಮಯವನ್ನೂ ದುಡ್ಡು ನೋಡಿಯೇ ಇಡಿ. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗಿನದು ಅಲ್ಲಿ ‘ಎಂಬರ್ ತಿಂಗಳು’. ಅಕ್ಟೋಬರ್‌ನಲ್ಲಿ ಲಾಗೋಸ್ ಫ್ಯಾಷನ್ ವೀಕ್, ಆಮೇಲೆ ಸಾಲು ಮದುವೆ, ಹೊರದೇಶದಿಂದ ಮನೆಗೆ ಬರುವ ಮಕ್ಕಳು. ನವೆಂಬರ್ ಕೊನೆಯ ಸಂಚಿಕೆ ದಪ್ಪಗಿರಲಿ. ಜನವರಿಯಲ್ಲಿ ಯಾರ ಹತ್ತಿರವೂ ದುಡ್ಡಿರುವುದಿಲ್ಲ, ಏನೂ ತರಬೇಡಿ.

ಹಂತ 8: ಮಾರುವುದು

ಬೀದಿಯ ಪೇಪರ್ ಅಂಗಡಿ ಮುಂದೆ ನಿಂತು ಪುಕ್ಕಟೆ ಓದಿ ಹೋಗುವವರಿಗೆ ನೈಜೀರಿಯಾದಲ್ಲಿ ‘ಫ್ರೀ ರೀಡರ್ಸ್ ಅಸೋಸಿಯೇಷನ್’ ಅಂತಲೇ ಹೆಸರು. ಅಲ್ಲಿ ನಮ್ಮ ಪತ್ರಿಕೆ ಮಾಸಿತು, ಮಾರಲಿಲ್ಲ. ಸೂಪರ್‌ಮಾರ್ಕೆಟ್‌ನವರು ಮಾರಿದ ಮೇಲೆ ಕೊಡುತ್ತೇವೆ ಅನ್ನುತ್ತಾರೆ. ಒಪ್ಪಿಕೊಳ್ಳಿ, ಆದರೆ ಒಂದು ಅಂಗಡಿಗೆ ಹತ್ತಕ್ಕಿಂತ ಜಾಸ್ತಿ ಪ್ರತಿ ಬೇಡ. ಉಳಿದದ್ದನ್ನು ಯಾವ ತಾರೀಕಿಗೆ ಎಣಿಸಿ ವಾಪಸ್ ತರುತ್ತೀರಿ ಅನ್ನುವುದು ಚೀಟಿಯಲ್ಲಿ ಬರೆದಿರಲಿ.

ನಮಗೆ ಕೈ ಹಿಡಿದದ್ದು ಹೇರ್ ಸಲೂನ್. ಸಣ್ಣ ಜಡೆ ಹೆಣೆಸಲು ನಾಲ್ಕರಿಂದ ಆರು ಗಂಟೆ ಬೇಕು. ತಲೆ ಅಲ್ಲಾಡಿಸುವಂತಿಲ್ಲ, ಮೊಬೈಲ್ ಚಾರ್ಜ್ ಎರಡನೇ ಗಂಟೆಗೆ ಮುಗಿದಿರುತ್ತದೆ, ಕರೆಂಟ್ ಇರುವುದಿಲ್ಲ. ಸುರುಲೆರೆ, ಯಾಬಾದ 40 ಸಲೂನ್‌ಗಳಿಗೆ ಒಂದೊಂದು ಪ್ರತಿ ದಾರ ಕಟ್ಟಿ ಪುಕ್ಕಟೆ ಕೊಟ್ಟೆವು, ಮಾರಲು ಐದೈದು ಇಟ್ಟೆವು. ಮಾರಿದ ಪ್ರತಿಗೆ ಕಮಿಷನ್ ಅಂಗಡಿಯಾಕೆಗೆ ಅಲ್ಲ, ಜಡೆ ಹೆಣೆಯುವ ಹುಡುಗಿಯ ಕೈಗೆ. ಅರ್ಧ ಓದುವಷ್ಟರಲ್ಲಿ ಜಡೆ ಮುಗಿದವರು ಕೊಂಡುಕೊಂಡು ಹೋದರು.

ಮೂರು ತಿಂಗಳಾದ ಮೇಲೆ ಹೊಸ ಸಂಚಿಕೆ ಕೊಡಲು ಹೋದಾಗ ದಾರ ಕಟ್ಟಿದ ಹಳೇ ಪ್ರತಿಗಳನ್ನು ತಪ್ಪದೆ ವಾಪಸ್ ತನ್ನಿ. ಎಣ್ಣೆ ಮೆತ್ತಿರುತ್ತದೆ, ಮೂಲೆ ಹರಿದಿರುತ್ತದೆ. ಅವನ್ನು ನೆಲದ ಮೇಲೆ ಹರಡಿ ಯಾವ ಯಾವ ಪುಟ ಕಿತ್ತುಕೊಂಡು ಹೋಗಿದ್ದಾರೆ ಬರೆದುಕೊಳ್ಳಿ. ನಮ್ಮ ಮೊದಲ ಸಂಚಿಕೆಯ 40ರಲ್ಲಿ 31 ಪ್ರತಿ ವಾಪಸ್ ಬಂತು. ತಾರೆಯರ ಸಂದರ್ಶನ ಎಲ್ಲದರಲ್ಲೂ ಹಾಗೇ ಇತ್ತು. ಗೆಲೆ ಕಟ್ಟುವ ಪುಟ 19ರಲ್ಲಿ ಇರಲಿಲ್ಲ, ತಂದೆಯ ಆಸ್ತಿಯ ಲೇಖನ 22ರಲ್ಲಿ.